ಮತ್ತೆ ಮತ್ತೆ ನೋಡುವ ಸಿನಿಮಾವನ್ನು ಪೂರ್ತಿ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಮಧ್ಯಾಹ್ನ ಒಂದು ಟಿ.ವಿ. ವಾಹಿನಿಯಲ್ಲಿ ‘ಕಸ್ತೂರಿ ನಿವಾಸ’ ಹಾಕಿದ್ದರು. ಊಟ ಮುಗಿಸಿ ಮನೆಮಂದಿಯೆಲ್ಲ ಕೂತೆವು. ‘ಆಡಿಸಿನೋಡು ಬೀಳಿಸಿನೋಡು’ ಹಾಡು ಶುರುವಾಯಿತು, ಒಂದು ಚರಣ ಮುಗಿಯುವಷ್ಟರಲ್ಲಿ ಜಾಹೀರಾತು ಬಂತು. ಜಾಹೀರಾತು ಮುಗಿದ ಮೇಲೆ ಹಾಡು ಮುಂದುವರಿಯಲೇ ಇಲ್ಲ, ಬೇರೆ ದೃಶ್ಯ ನಡೆಯುತ್ತಿತ್ತು.

ಅದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದು. ಆ ಕಾಲದ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕವಾಗಿರುತ್ತದೆ. ಈಗಿನ ಟಿ.ವಿ. ಅಗಲ. ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟರೆ ಚಿತ್ರ ಇದ್ದ ಹಾಗೇ ಕಾಣುತ್ತದೆ. ಆದರೆ ಪರದೆ ತುಂಬಬೇಕೆಂದು ಚಿತ್ರವನ್ನು ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಚಿತ್ರದ ಸುಮಾರು ಕಾಲು ಭಾಗ ಹೋಗಿಬಿಡುತ್ತದೆ. ಅವತ್ತು ರಾಜಕುಮಾರ್ ಮುಂದಿದ್ದ ಬೊಂಬೆಯ ಬುಡವೇ ಕಾಣಲಿಲ್ಲ. ಎಷ್ಟು ತಳ್ಳಿದರೂ ಉರುಳದೆ ಎದ್ದು ನಿಲ್ಲುವ ಬೊಂಬೆ ಅದು. ಅದರ ಭಾರವೆಲ್ಲ ಬುಡದಲ್ಲಿ, ಹಾಡಿನ ಜೀವವೂ ಅಲ್ಲೇ. ಕೊಟ್ಟಿದ್ದನ್ನು ಎಂದೂ ವಾಪಸ್ ಪಡೆಯದೆ ಕೊನೆಗೆ ಬರಿಗೈಯಾಗುವ ನಾಯಕ ರವಿವರ್ಮ ಯಾರೆಂದು ಆ ಬೊಂಬೆ ಮೊದಲೇ ಹೇಳಿಬಿಡುತ್ತದೆ. ಅದೇ ಹಾಡು ಮುಂದೆ ದುಃಖದಲ್ಲಿ ಇನ್ನೊಮ್ಮೆ ಬರುತ್ತದಲ್ಲ, ಮೊದಲನೆಯದನ್ನು ಪೂರ್ತಿ ಕೇಳಿದವರಿಗೆ ಮಾತ್ರ ಅದು ಕರುಳಿಗೆ ತಾಗುವುದು.

ನಾನು ಚಳ್ಳಕೆರೆಯವನು. ಮೀಸೆ ಚಿಗುರುವ ವಯಸ್ಸಿಗೆ ಟಾಕೀಸಿನ ಕ್ಯಾಬಿನ್ ಸೇರಿದವನು, ರೀಲಿನ ಕಾಲ ಮುಗಿದು ಸಿನಿಮಾ ಉಪಗ್ರಹದಿಂದ ಇಳಿಯತೊಡಗುವವರೆಗೂ ಆಪರೇಟರ್ ಆಗಿದ್ದೆ. ಜನ ಒಂದೇ ಸಿನಿಮಾವನ್ನು ಹೇಗೆ ಮತ್ತೆ ಮತ್ತೆ ನೋಡುತ್ತಾರೆ ಎಂಬುದನ್ನು ಗೋಡೆಯ ಆ ಸಣ್ಣ ಕಿಂಡಿಯಿಂದ ನಾನು ಕಂಡಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅದಕ್ಕೇ ಈ ಪತ್ರ.

ನಮ್ಮೂರು ಎಣ್ಣೆ ಮಿಲ್ಲುಗಳ ಊರು. ಸೆಕೆಂಡ್ ಶೋಗೆ ಮಿಲ್ಲಿನ ಕೂಲಿಯವರೇ ಹೆಚ್ಚು. ಶೇಂಗಾ ಮಾರಲು ಬಂದ ರೈತರು ರಾತ್ರಿ ಊರಿಗೆ ಹೋಗದೆ ಸಿನಿಮಾ ನೋಡಿ ಮಂಡಿಯಲ್ಲೇ ಮಲಗುತ್ತಿದ್ದರು. ಹೊಸ ಚಿತ್ರ ಸೋತರೆ ಮಾಲೀಕರು ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರಿಗೆ ಫೋನ್ ಮಾಡಿ ಹಳೆಯ ಸಿನಿಮಾದ ರೀಲಿನ ಪೆಟ್ಟಿಗೆ ತರಿಸುತ್ತಿದ್ದರು. ಬೆಳಗಿನ ಬಸ್ಸಿನ ಟಾಪಿನಿಂದ ಪೆಟ್ಟಿಗೆ ಇಳಿಯುವಾಗಲೇ ಸ್ಟ್ಯಾಂಡಿನಲ್ಲಿದ್ದವರು “ಯಾವ್ದಣ್ಣಾ ಬಂತು?” ಅಂತ ಕೇಳೋರು. ‘ಬಂಗಾರದ ಮನುಷ್ಯ’ ಅಂದರೆ ಸಾಕು, ಬೇರೆ ಪ್ರಚಾರ ಬೇಕಿರಲಿಲ್ಲ.

1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಚಿತ್ರ ಅದು ಎಂದು ಎಲ್ಲರಿಗೂ ಗೊತ್ತು. ನಮ್ಮ ಬಯಲುಸೀಮೆಯಲ್ಲಿ ಅದು ಹೇಗೆ ಓಡಿತು ಎಂಬುದನ್ನು ಬರೆದವರಿಲ್ಲ. ಮಳೆ ಕೈಕೊಟ್ಟ ವರ್ಷ ಅದನ್ನು ಹಾಕಿದರೂ ಪರದೆ ಮುಂದಿನ ಅಗ್ಗದ ಸೀಟಿನ ಗಾಂಧಿಕ್ಲಾಸ್ ತುಂಬುತ್ತಿತ್ತು. ‘ಆಗದು ಎಂದು’ ಹಾಡಿನಲ್ಲಿ ಬಂಡೆ ಒಡೆದು ನೆಲ ಹಸನು ಮಾಡುವಾಗ ಶಿಳ್ಳೆ ಬೀಳುತ್ತಿರಲಿಲ್ಲ. ಜನ ಮೈಯೆಲ್ಲಾ ಕಣ್ಣಾಗಿ ನೋಡುತ್ತಿದ್ದರು. ಇಂಟರ್‌ವೆಲ್ಲಿನಲ್ಲಿ ಬೀಡಿ ಹಚ್ಚಿಕೊಂಡು ಮಾತಾಡುತ್ತಿದ್ದದ್ದು ಅವರವರ ಬಾವಿಯ ವಿಷಯ. ರಾಜೀವ ಮನೆ ಬಿಟ್ಟು ಹೊರಡುವ ಕೊನೆಯ ರೀಲಿನಲ್ಲಿ “ಹೋಗಬ್ಯಾಡ ಕಣಪ್ಪೋ” ಎಂದು ಕೂಗುವವರು ಪ್ರತಿ ಆಟದಲ್ಲೂ ಇರುತ್ತಿದ್ದರು. ಅವನು ಹೋಗೇ ಹೋಗುತ್ತಾನೆ ಎಂದು ಕೂಗಿದವರಿಗೂ ಗೊತ್ತಿತ್ತು. ಆದರೂ ಮಾರನೇ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು.

‘ನಾಗರಹಾವು’ ನಮಗೆ ಇನ್ನೂ ಹತ್ತಿರ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರದಲ್ಲೇ ನಮ್ಮ ತಾಲ್ಲೂಕಿನ ತಳುಕು ಎಂಬ ಊರು ಇದೆ. ದುರ್ಗದ ಕೋಟೆ ನಾವು ಬಸ್ಸಿನಿಂದ ನಿತ್ಯ ನೋಡುವ ಕೋಟೆ. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣನವರು ಮಾಡಿದ ಆ ಚಿತ್ರ ಬಂದಾಗಲೆಲ್ಲ ಹುಡುಗರು ರಾಮಾಚಾರಿಗಾಗಿ ಬರುತ್ತಿದ್ದರು, ಮೇಷ್ಟ್ರುಗಳು ಅಶ್ವತ್ಥರ ಚಾಮಯ್ಯ ಮೇಷ್ಟ್ರಿಗಾಗಿ ಬರುತ್ತಿದ್ದರು. ಜಯಂತಿಯವರು ಓಬವ್ವನಾಗಿ ಒನಕೆ ಎತ್ತುವಾಗ ಹೆಂಗಸರ ಕಡೆಯಿಂದ ಬರುತ್ತಿದ್ದ ಚಪ್ಪಾಳೆಗೆ ಪ್ರೊಜೆಕ್ಟರಿನ ಸದ್ದೂ ನನಗೆ ಕೇಳಿಸುತ್ತಿರಲಿಲ್ಲ.

ಎರಡನೇ ಸಲ, ಮೂರನೇ ಸಲ ಬಂದವರು ಹೇಗೆ ನೋಡುತ್ತಾರೆ ಎಂಬುದಕ್ಕೆ ಒಂದು ಸಂಗತಿ ಹೇಳಬೇಕು. ನಮ್ಮಂಥ ಊರಿಗೆ ಪ್ರಿಂಟ್ ಬರುವಷ್ಟರಲ್ಲಿ ಅದು ಎಷ್ಟೋ ಊರು ಸುತ್ತಿರುತ್ತಿತ್ತು. ಫಿಲಂ ಹರಿದ ಕಡೆ ಎರಡೋ ನಾಲ್ಕೋ ಫ್ರೇಮ್ ತೆಗೆದು ಅಂಟಿಸಿರುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಓಡುವುದರಿಂದ ಚಿತ್ರದಲ್ಲಿ ಅದು ಒಂದು ಸಣ್ಣ ಜಿಗಿತ ಅಷ್ಟೇ. ಆದರೆ ಫಿಲಂ ಮೇಲೆ ಧ್ವನಿಯ ಪಟ್ಟಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತದೆ. ಹಾಗಾಗಿ ಒಂದು ಕಡೆ ಮುಖ ಜಿಗಿದರೆ ಇನ್ನೊಂದು ಕಡೆ ಮಾತು ತುಂಡಾಗುತ್ತದೆ. ‘ನಾಗರಹಾವು’ ಪ್ರಿಂಟೊಂದರಲ್ಲಿ ಚಾಮಯ್ಯ ಮೇಷ್ಟ್ರ ಮಾತೊಂದು ಹೀಗೆ ನಡುವೆ ತುಂಡಾಗಿತ್ತು. ಹೋದ ಎರಡು ಪದಗಳನ್ನು ಗಾಂಧಿಕ್ಲಾಸಿನವರು ಒಟ್ಟಿಗೆ ಹೇಳಿ ಮುಗಿಸಿದರು. ಆ ವಾರವೆಲ್ಲ ಪ್ರತಿ ಆಟದಲ್ಲೂ ಅದೇ ಜಾಗದಲ್ಲಿ ಹಾಗೇ ಆಯಿತು, ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಟಿ.ವಿ. ವಾಹಿನಿಯವರು ಇದನ್ನು ದಯವಿಟ್ಟು ಗಮನಿಸಬೇಕು. ಹಳೆಯ ಸಿನಿಮಾ ನೋಡಲು ಕೂತವರು ಕಥೆ ತಿಳಿಯಲು ಕೂತವರಲ್ಲ. ಪ್ರತಿ ಮಾತೂ ಅವರಿಗೆ ಬಾಯಿಪಾಠ. ನೀವು ಕತ್ತರಿಸಿದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ನೀವು ಕತ್ತರಿಸುವುದೂ ಅವರು ಕಾಯುತ್ತಾ ಕೂತ ಭಾಗವನ್ನೇ: ಹಾಡು, ಹಾಡಿಗೆ ಮುಂಚಿನ ಎರಡು ಮಾತು, ಟೈಟಲ್ ಕಾರ್ಡು. ಮರಳಿ ಬಂದ ಪ್ರೇಕ್ಷಕರು ಟೈಟಲ್ ತಪ್ಪಿಸಿಕೊಂಡಿದ್ದನ್ನು ನಾನು ನೋಡೇ ಇಲ್ಲ. ಜಿ.ಕೆ. ವೆಂಕಟೇಶ್ ಹೆಸರು, ವಿಜಯಭಾಸ್ಕರ್ ಹೆಸರು ಪರದೆ ಮೇಲೆ ಬರುವುದೂ ಅವರ ಪಾಲಿಗೆ ಸಿನಿಮಾವೇ.

ಮೊಬೈಲಿನಲ್ಲಿ ಸಿಗುವ ಪ್ರತಿಗಳ ಪಾಡು ಇನ್ನೂ ಕೆಟ್ಟದು. ಹೊರದೇಶದಲ್ಲಿರುವ ನನ್ನ ಮಗಳಿಗೆ ‘ಗಣೇಶನ ಮದುವೆ’ ಎಂದರೆ ಪ್ರಾಣ. ಬೇಸರವಾದಾಗಲೆಲ್ಲ ಹಾಕಿಕೊಳ್ಳುತ್ತಾಳೆ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ವಠಾರದಲ್ಲಿ ಕಿತ್ತಾಡುವುದನ್ನು ಕೇಳುತ್ತಾ ಅಡುಗೆ ಮಾಡುತ್ತಾಳೆ. ಆ ವಠಾರ ಅವಳು ಹುಟ್ಟಿ ಬೆಳೆದ ಬೀದಿಯ ಹಾಗೇ ಇದೆಯಂತೆ. ಅವಳಿಗೆ ಸಿಕ್ಕಿದ ಒಂದು ಪ್ರತಿಯಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದರು, ಗೋಡೆ ಮೇಲಿನ ಬರಹವೆಲ್ಲ ಉಲ್ಟಾ. ಕೃತಿಸ್ವಾಮ್ಯದ ತಪಾಸಣೆಗೆ ಸಿಗದಿರಲೆಂದು ಧ್ವನಿಯನ್ನೂ ಒಂದು ಶ್ರುತಿ ಏರಿಸಿದ್ದರು. ರಾಜನ್–ನಾಗೇಂದ್ರ ಅವರ ಹಾಡು ಕೀರಲು ಧ್ವನಿಯಲ್ಲಿ ಕೇಳಿಬಂತು. ಹಕ್ಕು ಇರುವವರು ಒಳ್ಳೆಯ ಪ್ರತಿಯನ್ನು ತಾವೇ ಹಾಕಿದ್ದರೆ ಆ ಹುಡುಗಿ ದುಡ್ಡು ಕೊಟ್ಟು ನೋಡುತ್ತಿದ್ದಳು.

ಆಪರೇಟರ್ ಆಗಿದ್ದವನಿಗೆ ಮಾತ್ರ ಗೊತ್ತಿರುವ ಒಂದು ಸಂಕಟವಿದೆ. ಜನ ಹೆಚ್ಚು ನೋಡಿದ ಸಿನಿಮಾದ ಪ್ರಿಂಟೇ ಮೊದಲು ಸವೆಯುವುದು. ಯಾರೂ ನೋಡದ ಚಿತ್ರದ ಪ್ರಿಂಟ್ ಹೊಸದಾಗಿಯೇ ಉಳಿಯುತ್ತದೆ. ‘ಓಂ’ 1995ರಲ್ಲಿ ಬಂದ ಮೇಲೆ ವರ್ಷ ವರ್ಷವೂ ಮರಳಿ ಬಿಡುಗಡೆಯಾಗುತ್ತಲೇ ಇತ್ತು. ಅದರ ಪೆಟ್ಟಿಗೆ ತೆರೆದರೆ ರೀಲಿನ ಮೇಲೆ ಗೀರಿಲ್ಲದ ಒಂದು ಗೇಣು ಜಾಗ ಸಿಗುತ್ತಿರಲಿಲ್ಲ. ಅದನ್ನು ಗೀರಿದ್ದು ಜನರ ಪ್ರೀತಿಯೇ. ರೀಲಿನ ಕಾಲ ಮುಗಿದಾಗ ಇಂಥ ಪ್ರಿಂಟುಗಳಲ್ಲಿ ಎಷ್ಟೋ ಗುಜರಿಗೆ ಹೋದವು. ಕಪ್ಪುಬಿಳುಪಿನವನ್ನು ಅವುಗಳಲ್ಲಿರುವ ಬೆಳ್ಳಿಗಾಗಿ ಕರಗಿಸುತ್ತಿದ್ದರು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದಿದ್ದು 1934ರಲ್ಲಿ. ಇವತ್ತು ಅದನ್ನು ನೋಡುತ್ತೇನೆಂದರೆ ಒಂದು ಪ್ರಿಂಟೂ ಇಲ್ಲ.

ಒಳ್ಳೆಯ ಕೆಲಸ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲಂ ಹೆರಿಟೇಜ್ ಫೌಂಡೇಶನ್‌ನವರು ಪುನರುಜ್ಜೀವನಗೊಳಿಸಿದರು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಓದಿ ಕಣ್ಣು ತುಂಬಿತು. ಆದರೆ ಅಂಥ ಜೋಪಾನ ಪ್ರಶಸ್ತಿಯ ಚಿತ್ರಗಳಿಗೆ ಮಾತ್ರ ಸಿಗಬಾರದು. ಎಣ್ಣೆ ಮಿಲ್ಲಿನ ಕೂಲಿಯವನು ದಿನದ ಸಂಬಳ ಕೊಟ್ಟು ಮತ್ತೆ ನೋಡಿದ ಚಿತ್ರಕ್ಕೂ ಸಿಗಬೇಕು. ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ಗಳಿಗೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ಹುಡುಗರೂ ಬಂದು ನೋಡಿದರು, ಅದು ಸಂತೋಷವೇ. ಆದರೆ ಬಣ್ಣದ ಪ್ರತಿಯ ಪಕ್ಕದಲ್ಲಿ ಮೂಲದ ಕಪ್ಪುಬಿಳುಪಿನ ಪ್ರತಿಯೂ ಅಷ್ಟೇ ಶುದ್ಧವಾಗಿ ಸಿಗಬೇಕು. ನೆರಳು ಬೆಳಕನ್ನು ಅಳೆದು ತೂಗಿ ತೆಗೆದ ಕ್ಯಾಮೆರಾಮನ್ ಕೆಲಸ ಇರುವುದು ಅದರಲ್ಲಿ.

ಜನ ಬರುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 2018ರಲ್ಲಿ ‘ನಾಗರಹಾವು’ ಮತ್ತೆ ಬಂದಾಗ, 2025ರ ಮಾರ್ಚ್‌ನಲ್ಲಿ ಪುನೀತ್ ಹುಟ್ಟುಹಬ್ಬಕ್ಕೆ ‘ಅಪ್ಪು’ ಮತ್ತೆ ಬಂದಾಗ ಟಾಕೀಸುಗಳ ಮುಂದೆ ಹೇಗಿತ್ತೆಂದು ನಿಮ್ಮ ಪತ್ರಿಕೆಯೂ ವರದಿ ಮಾಡಿದೆ.

ನನ್ನ ಕೋರಿಕೆ ದೊಡ್ಡದಲ್ಲ. ವಾಹಿನಿಗಳು ವಾರಕ್ಕೊಂದು ಹಳೆಯ ಚಿತ್ರವನ್ನಾದರೂ ಟೈಟಲಿನಿಂದ ‘ಶುಭಂ’ವರೆಗೆ, ಹಾಡು ಕತ್ತರಿಸದೆ, ಮೂಲದ ಚೌಕಟ್ಟಿನಲ್ಲೇ ತೋರಿಸಲಿ. ನಡುವೆ ಜಾಹೀರಾತು ಎಷ್ಟಾದರೂ ಬರಲಿ, ನಾವು ಕಾಯುತ್ತೇವೆ. ಚಲನಚಿತ್ರ ಅಕಾಡೆಮಿ ನಿರ್ಮಾಪಕರ ಮನೆಗಳಲ್ಲಿ, ಹಂಚಿಕೆದಾರರ ಗೋದಾಮುಗಳಲ್ಲಿ, ಮುಚ್ಚಿದ ಟಾಕೀಸುಗಳಲ್ಲಿ ಉಳಿದಿರುವ ರೀಲುಗಳನ್ನು ಜಿಲ್ಲೆಯಿಂದ ಜಿಲ್ಲೆಗೆ ಹುಡುಕಿ ಪಟ್ಟಿ ಮಾಡಲಿ. ನನ್ನಂಥ ಹಳೆಯ ಆಪರೇಟರುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಯಾವ ಪೆಟ್ಟಿಗೆ ಎಲ್ಲಿ ಉಳಿಯಿತು ಎಂಬುದು ನಮಗೆ ಗೊತ್ತು, ನಮ್ಮನ್ನು ಕೇಳಲಿ.

ಅಲ್ಲಿಯವರೆಗೆ, ನಿಮ್ಮ ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಫಿಲಂ ಡಬ್ಬಿ ಇದ್ದರೆ ಒಂದು ಮಾತು. ಅದನ್ನು ಬಿಸಿಲಿಗೆ ಇಡಬೇಡಿ, ನೋಡುವ ಆಸೆಯಿಂದ ಯಂತ್ರಕ್ಕೆ ಹಾಕಿ ಓಡಿಸಬೇಡಿ. ಮುಚ್ಚಳ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ. ಆ ಡಬ್ಬಿಯನ್ನು ಬೇರೆ ಡಬ್ಬಿಗಳಿಂದ ದೂರ, ತಂಪಾದ ಒಣ ಜಾಗದಲ್ಲಿಡಿ. ಡಬ್ಬಿಯ ಮೇಲಿನ ಚೀಟಿ ಕೀಳಬೇಡಿ. ಚಿತ್ರದ ಹೆಸರು, ರೀಲಿನ ಸಂಖ್ಯೆ ಅದರಲ್ಲೇ ಇರುತ್ತದೆ. ಗುಜರಿಯವನಿಗೆ ಕೊಡುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ನಮ್ಮ ಅಕಾಡೆಮಿಗೋ ಒಂದು ಪತ್ರ ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿನಿಮಾ ಆಪರೇಟರ್
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ