ಈ ತಿಂಗಳ ಓದು: ತೆಜುಕಾ ಅವರ ‘ಬುದ್ಧ’

ಗೆಳೆಯರೇ, ಈ ತಿಂಗಳು ಎಲ್ಲರೂ ಸೇರಿ ಒಸಾಮು ತೆಜುಕಾ ಅವರ ‘ಬುದ್ಧ’ ಮಂಗಾ (ಜಪಾನಿನ ಚಿತ್ರಕಥೆ, ಅಂದರೆ ಕಾಮಿಕ್ಸ್) ಓದೋಣ. 1972ರಿಂದ 1983ರವರೆಗೆ ಜಪಾನಿನಲ್ಲಿ ಕಂತುಗಳಲ್ಲಿ ಬಂದದ್ದು. ಇಂಗ್ಲಿಷಿನಲ್ಲಿ 8 ಸಂಪುಟಗಳಿವೆ, ಈಗ ಮೊದಲನೆಯದು ಸಾಕು.

ಶುರುವಿನಲ್ಲೇ ಬರುವ ಮೊಲದ ಕಥೆಯನ್ನು ಅವಸರದಲ್ಲಿ ದಾಟಬೇಡಿ. ಹಿಮದಲ್ಲಿ ಕುಸಿದ ಮುದುಕನಿಗೆ ಕರಡಿ, ನರಿ ಆಹಾರ ತರುತ್ತವೆ. ಮೊಲಕ್ಕೆ ಏನೂ ಸಿಗುವುದಿಲ್ಲ. ಕೊನೆಗೆ ಅದು ತಾನೇ ಬೆಂಕಿಗೆ ಹಾರುತ್ತದೆ. ಜಾತಕ ಕಥೆಗಳಲ್ಲಿ ನಾವು ಕೇಳಿದ್ದೇ ಅಲ್ವಾ? ಆದರೂ ಆ ಚಿತ್ರಗಳ ಮುಂದೆ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಮುಂದಿನ ಕಥೆಯನ್ನು ಗುಂಪಿನಲ್ಲಿ ಬಿಟ್ಟುಕೊಡಬೇಡಿ. ಕದ್ದ ಪಿಡಿಎಫ್ ಹಾಕಲೇಬೇಡಿ. ಪುಸ್ತಕ ಇರುವವರು ಇಲ್ಲದವರಿಗೆ ಓದಲು ಕೊಡಿ. ಕೊನೆಯ ಭಾನುವಾರ ಸಂಜೆ ಮಾತಾಡೋಣ.