ಫ್ರಿಜ್ ಬಾಗಿಲಿನ ಬಾಟ್ಲಿ ಮತ್ತು ಆಕ್ಸ್‌ಫರ್ಡಿನ ಡೊರೊಥಿ

ಆಕ್ಸ್‌ಫರ್ಡ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರಿಗೂ ನಮಸ್ಕಾರ. ಪುಟ್ಟಿಗೆ ಒಂದು ಗುದ್ದು, ನನ್ನ ಮೆಸೇಜು ನೋಡಿಯೂ ಉತ್ತರ ಕೊಡದಿದ್ದಕ್ಕೆ.

ನಾನು ಚೆನ್ನಾಗಿದ್ದೇನೆ. ಚಟ್ನಿಪುಡಿ ಮುಗಿದು ತಿಂಗಳಾಯಿತು. ಹುಳಿಪುಡಿ ಇನ್ನೂ ಸ್ವಲ್ಪ ಇದೆ, ಜಿಪುಣರ ಹಾಗೆ ಬಳಸುತ್ತಿದ್ದೇನೆ. ಹೋದ ವಾರ ಫೋನಿನಲ್ಲಿ ಅಪ್ಪ ಕೇಳಿದರಲ್ಲ, "ಮೂರು ವರ್ಷದಿಂದ ಅದೇ ಹರಳು ಬೆಳೆಸ್ತಾ ಇದೀಯ, ಬೆಳೀತಾ ಇಲ್ವಾ?" ಅಂತ. ನಾನು ಸಿಡುಕಿ ಫೋನ್ ಇಟ್ಟೆ. ತಪ್ಪಾಯಿತು ಅಪ್ಪ. ಬೆಳೆದಿಲ್ಲ, ಅದಕ್ಕೇ ಸಿಟ್ಟು ಬಂದಿದ್ದು. ಫೋನಿನಲ್ಲಿ ಹೇಳಲು ಆಗದ್ದನ್ನು ಬರೆಯೋಣ ಅಂತ ಕೂತಿದ್ದೇನೆ, ಆದರೆ ಇದು ನನ್ನ ಕತೆ ಅಲ್ಲ. ಇದೇ ಊರಿನಲ್ಲಿ ಇದೇ ಕೆಲಸ ಮಾಡಿದ ಡೊರೊಥಿ ಹಾಡ್ಜ್‌ಕಿನ್ ಅನ್ನುವವರ ಕತೆ. ನಮ್ಮ ಫ್ರಿಜ್ ಬಾಗಿಲಿನಲ್ಲಿ, ಹೆಪ್ಪಿನ ಬಟ್ಟಲಿನ ಪಕ್ಕ, ಅಪ್ಪನ ಇನ್ಸುಲಿನ್ ಬಾಟ್ಲಿ ಇರುತ್ತದಲ್ಲ, ಆ ಇನ್ಸುಲಿನ್ ಒಳಗಡೆ ಹೇಗಿದೆ ಅಂತ ಕಂಡುಹಿಡಿದವರು ಇವರು. ಅದಕ್ಕೆ 34 ವರ್ಷ ಹಿಡಿಯಿತು. ನೀವು ನನ್ನ ಮೂರು ವರ್ಷಕ್ಕೇ ಗಾಬರಿ ಬೀಳುತ್ತೀರಿ!

ಅವರ ಕೆಲಸ ಏನು ಅಂತ ಅಪ್ಪನಿಗಿಂತ ಅಮ್ಮನಿಗೆ ಹೇಳೋದು ಸುಲಭ. ಸಕ್ಕರೆ ಹರಳಾಗುವ ಹಾಗೆ ಇನ್ಸುಲಿನ್ನೂ ಹರಳಾಗುತ್ತದೆ. ಹರಳಿನ ಒಳಗೆ ಅಣುಗಳು ಒಂದೇ ಅಳತೆಯಲ್ಲಿ ಸಾಲಾಗಿ ಕೂತಿರುತ್ತವೆ. ಅದಕ್ಕೆ ಎಕ್ಸ್‌ರೇ ಬಿಟ್ಟರೆ ಆಚೆ ಇಟ್ಟ ಫಿಲ್ಮಿನ ಮೇಲೆ ಚುಕ್ಕಿಗಳು ಬೀಳುತ್ತವೆ. ಕೆಲವು ಕಪ್ಪಗೆ, ಕೆಲವು ಮಸುಕು. ಬರೀ ಚುಕ್ಕಿ, ಗೆರೆ ಇಲ್ಲ. ಯಾರೋ ನಮ್ಮ ಅಂಗಳದಲ್ಲಿ ಚುಕ್ಕಿ ಇಟ್ಟು, ಗೆರೆ ಎಳೆಯದೆ ಎದ್ದು ಹೋದರು ಅಂದುಕೋ. ಆ ಚುಕ್ಕಿಗಳನ್ನೇ ನೋಡಿ ಅವರ ಮನಸ್ಸಿನಲ್ಲಿದ್ದ ರಂಗೋಲಿ ಯಾವುದು ಅಂತ ನೀನು ಹೇಳಬೇಕು. ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ನಮ್ಮ ಗೈಡ್ ಕೇಳಿಸಿಕೊಂಡರೆ ತಲೆ ಚಚ್ಚಿಕೊಳ್ಳುತ್ತಾರೆ, ಆದರೆ ಕಷ್ಟ ಎಂಥದ್ದು ಅಂತ ಗೊತ್ತಾಯಿತಲ್ಲ. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಸಾವಿರಾರು ಚುಕ್ಕಿ, ಒಂದೊಂದೂ ಎಷ್ಟು ಕಪ್ಪು ಅಂತ ಕಣ್ಣಳತೆಯಲ್ಲೇ ಬರೆದುಕೊಳ್ಳಬೇಕು, ಆಮೇಲೆ ಕೈಯಲ್ಲೇ ಲೆಕ್ಕ. ಈಗ ನಾವು ಇಲ್ಲೇ ಹತ್ತಿರ ಇರುವ ಡಯಮಂಡ್ ಅನ್ನುವ, ಬಳೆ ಆಕಾರದ ದೊಡ್ಡ ಎಕ್ಸ್‌ರೇ ಕೇಂದ್ರಕ್ಕೆ ಹೋಗಿ ಕೆಲವೇ ನಿಮಿಷದಲ್ಲಿ ಅಷ್ಟೂ ಚುಕ್ಕಿ ಹಿಡಿದುಕೊಂಡು ಬರುತ್ತೇವೆ. ಹರಳು ಇದ್ದರೆ.

ಡೊರೊಥಿ ಹುಟ್ಟಿದ್ದು 1910ರಲ್ಲಿ, ಈಜಿಪ್ಟಿನ ಕೈರೋದಲ್ಲಿ. ಅಪ್ಪ ಅಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದರು. ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಅಪ್ಪ ಅಮ್ಮ ಹೆಚ್ಚಾಗಿ ಈಜಿಪ್ಟ್, ಸುಡಾನಿನಲ್ಲೇ ಇರುತ್ತಿದ್ದರು. ಶಾಲೆಯಲ್ಲಿ ಕೆಮಿಸ್ಟ್ರಿ ಗಂಡು ಹುಡುಗರಿಗೆ ಮಾತ್ರ. ಇವರನ್ನೂ ಇನ್ನೊಬ್ಬ ಹುಡುಗಿಯನ್ನೂ ವಿಶೇಷ ಅಂತ ಒಳಗೆ ಬಿಟ್ಟರಂತೆ. (ಪುಟ್ಟಿ, ಓದುತ್ತಿದ್ದೀಯಾ? ನಿನ್ನನ್ನು ಕೆಮಿಸ್ಟ್ರಿ ಲ್ಯಾಬಿಗೆ ಹೋಗು ಅಂತ ಗೋಗರೆಯಬೇಕು.) 1928ರಲ್ಲಿ, ಕಾಲೇಜು ಸೇರುವ ಮುಂಚೆ, ಈಗಿನ ಜೋರ್ಡಾನಿನ ಜೆರಾಶ್‌ನಲ್ಲಿ ಅಪ್ಪ ಅಮ್ಮ ಹಳೇ ಚರ್ಚುಗಳನ್ನು ಅಗೆಸುತ್ತಿದ್ದಾಗ ನೆಲದ ಮೇಲಿನ ಕಲ್ಲಿನ ಚಿತ್ತಾರಗಳನ್ನು ಅಳತೆ ತಪ್ಪದಂತೆ ಕಾಗದಕ್ಕೆ ಇಳಿಸುವುದು ಇವರ ಕೆಲಸ. ಅಮ್ಮ, ನಿನ್ನ ಜಾತಿಯವರೇ ಅನ್ನಿಸುತ್ತದೆ. ನೀನೂ ಯಾರ ಮನೆಗೆ ಹೋದರೂ ಮೊದಲು ಬಾಗಿಲ ರಂಗೋಲಿ ನೋಡಿ ಎಷ್ಟು ಚುಕ್ಕಿ ಅಂತ ಎಣಿಸುತ್ತೀಯಲ್ಲ.

ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಬರ್ನಾಲ್ ಅನ್ನುವವರ ಹತ್ತಿರ ಪಿಎಚ್‌ಡಿಗೆ ಸೇರಿದರು. 1934ರಲ್ಲಿ ಅಲ್ಲಿ ಪೆಪ್ಸಿನ್ ಅನ್ನುವ ಪ್ರೋಟೀನಿನ ಹರಳಿನ ಎಕ್ಸ್‌ರೇ ಚಿತ್ರ ಬಂತು. ಪ್ರೋಟೀನಿನ ಹರಳು ಒಣಗಿದರೆ ಕೆಡುತ್ತದೆ, ಅದರ ನೀರಿನಲ್ಲೇ ಇಟ್ಟು ಚಿತ್ರ ತೆಗೆಯಬೇಕು ಅಂತ ಜಗತ್ತಿಗೆ ಗೊತ್ತಾಗಿದ್ದು ಆವತ್ತು. ಆದರೆ ಆ ದಿನ ಡೊರೊಥಿ ಲ್ಯಾಬಿನಲ್ಲಿ ಇರಲಿಲ್ಲ! ಕೈಬೆರಳು ನೋವು ಅಂತ ಲಂಡನ್ನಿನ ಡಾಕ್ಟರ ಹತ್ತಿರ ಹೋಗಿದ್ದರು. ಇಪ್ಪತ್ತನಾಲ್ಕು ವರ್ಷಕ್ಕೇ ರುಮಟಾಯ್ಡ್ ಸಂಧಿವಾತ. ಈ ಭಾಗ ಓದುವಾಗ ನಿನ್ನ ಬೆಳಗಿನ ಬೆರಳು ನೆನಪಾಯಿತು ಅಮ್ಮ, ಹಾಲಿನ ಪ್ಯಾಕೆಟ್ ಕತ್ತರಿಸಲೂ ಅಪ್ಪನನ್ನು ಕರೆಯುತ್ತೀಯಲ್ಲ, ಅದು. ಆಮೇಲೆ ಅವರ ಬೆರಳುಗಳು ಪೂರ್ತಿ ಸೊಟ್ಟಗಾದವು. ಎಕ್ಸ್‌ರೇ ಯಂತ್ರದ ಸ್ವಿಚ್ ಒತ್ತಲು ಆಗದೆ ಉದ್ದನೆಯ ಹಿಡಿ ಮಾಡಿಸಿಕೊಂಡರಂತೆ. ಅದೇ ಕೈಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹರಳನ್ನು ಎತ್ತಿ ಕೂರಿಸುತ್ತಿದ್ದರು. ನನ್ನ ಬೆರಳು ನೆಟ್ಟಗಿದೆ, ನಾನು ವಾರಕ್ಕೆ ಎರಡು ಬೀಳಿಸುತ್ತೇನೆ.

ಇನ್ಸುಲಿನ್ ಅವರ ಕೈಗೆ ಸಿಕ್ಕಿದ್ದೂ ಅದೇ ಹೊತ್ತಿಗೆ, ಆಕ್ಸ್‌ಫರ್ಡಿಗೆ ವಾಪಸ್ ಬಂದ ಮೇಲೆ. ರಾಬರ್ಟ್ ರಾಬಿನ್ಸನ್ ಅನ್ನುವ ದೊಡ್ಡ ಕೆಮಿಸ್ಟು ಒಂದು ಚಿಟಿಕೆ ಕೊಟ್ಟರು. 1935ರಲ್ಲಿ ಮೊದಲ ಚಿತ್ರ ಬಂದ ರಾತ್ರಿ ಖುಷಿ ತಡೆಯಲಾರದೆ ಈ ಊರಿನ ಬೀದಿಗಳಲ್ಲಿ ಸುಮ್ನೆ ಅಲೆದಾಡಿದರಂತೆ. ಚಿತ್ರವೇನೋ ಬಂತು, ಬಿಡಿಸಲು ಆಗಲಿಲ್ಲ. ಅಷ್ಟು ದೊಡ್ಡ ಅಣುವಿಗೆ ಆಗ ದಾರಿಯೇ ಇರಲಿಲ್ಲ. ನನಗೆ ಇಷ್ಟವಾಗುವುದು ಇಲ್ಲೇ. ಅದನ್ನು ಬಿಟ್ಟೂ ಬಿಡಲಿಲ್ಲ, ತಲೆ ಮೇಲೆ ಹೊತ್ತುಕೊಂಡೂ ಕೂರಲಿಲ್ಲ. ಪಕ್ಕಕ್ಕಿಟ್ಟು ಬೇರೆ ಕೆಲಸ ಹಿಡಿದರು. ಯುದ್ಧದ ಕಾಲದಲ್ಲಿ ಪೆನಿಸಿಲಿನ್, 1945ಕ್ಕೆ ಮುಗಿಯಿತು. ಅದರ ಅಣು ಹೇಗಿದೆ ಅಂತ ರಾಬಿನ್ಸನ್ ಅಂದುಕೊಂಡಿದ್ದು ಒಂದು, ಹರಳು ತೋರಿಸಿದ್ದು ಇನ್ನೊಂದು. ಆಮೇಲೆ ವಿಟಮಿನ್ ಬಿ12, ಇನ್ಸುಲಿನ್‌ಗಿಂತ ಚಿಕ್ಕದು, ಆದರೂ ಅದು ಬಿಡಿಸಿಕೊಳ್ಳುವ ಹೊತ್ತಿಗೆ 1956. ನಡುವೆ ಮೂರು ಮಕ್ಕಳು. ಆಕ್ಸ್‌ಫರ್ಡಿನಲ್ಲಿ ಸಂಬಳದ ಹೆರಿಗೆ ರಜೆ ಪಡೆದ ಮೊದಲ ಹೆಂಗಸು ಅವರೇ. ಗಂಡ ಎಷ್ಟೋ ವರ್ಷ ಬೇರೆ ಊರು, ಬೇರೆ ದೇಶ. 1964ರಲ್ಲಿ ನೊಬೆಲ್ ಬಂದಾಗಲೂ ಗಂಡ ಕೆಲಸ ಮಾಡುತ್ತಿದ್ದ ಘಾನಾದಲ್ಲಿದ್ದರು. ಇಲ್ಲಿನ ಒಂದು ಪೇಪರು "ಆಕ್ಸ್‌ಫರ್ಡ್ ಗೃಹಿಣಿಗೆ ನೊಬೆಲ್" ಅಂತ ಬರೆಯಿತು ನೋಡಿ. ವಿಜ್ಞಾನದಲ್ಲಿ ನೊಬೆಲ್ ಪಡೆದ ಬ್ರಿಟಿಷ್ ಹೆಂಗಸು ಅಂದರೆ ಇವತ್ತಿಗೂ ಅವರೊಬ್ಬರೇ.

ಮಾರ್ಗರೆಟ್ ಥ್ಯಾಚರ್ ಇವರ ಶಿಷ್ಯೆ, ಅದು ಅಪ್ಪನಿಗೆ ಖುಷಿ ಕೊಡುವ ಸುದ್ದಿ. ರಾಜಕೀಯದಲ್ಲಿ ಗುರು ಎಡಕ್ಕೆ, ಶಿಷ್ಯೆ ಬಲಕ್ಕೆ. ಆದರೂ ಬ್ರಿಟನ್ನಿನ ಪ್ರಧಾನಿಯಾದ ಮೇಲೆ ಥ್ಯಾಚರ್ ತಮ್ಮ ಕಚೇರಿ ಮನೆಯಲ್ಲಿ ಗುರುವಿನ ಚಿತ್ರ ಹಾಕಿಕೊಂಡಿದ್ದರಂತೆ.

ಇನ್ಸುಲಿನ್ ಬಿಡಿಸಿದ್ದು 1969ರಲ್ಲಿ. ಡೊರೊಥಿಗೆ ಆಗ 59. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಿಂದ (ಐಐಎಸ್‌ಸಿ) ಬಂದ ಎಂ. ವಿಜಯನ್ ಇದ್ದರು. ಆಮೇಲೆ ವಾಪಸ್ ಬಂದು ಅಲ್ಲೇ ಈ ವಿದ್ಯೆಯನ್ನು ಬೆಳೆಸಿದರು. ಚಿಕ್ಕಪ್ಪನ ಮನೆಗೆ ಹೋಗುವಾಗ ಸರ್ಕಲ್ ಮಾರಮ್ಮನಿಗೆ ಕೈಮುಗಿದು ಬಸ್ಸಿನಲ್ಲಿ ಮುಂದೆ ಹೋಗುತ್ತಿದ್ದೆವಲ್ಲ, ಆ ಮರಗಳ ಹಿಂದೆ ಇದೆಲ್ಲ ನಡೆಯುತ್ತಿತ್ತು. ನಮಗೆಲ್ಲಿ ಗೊತ್ತಿತ್ತು!

ಈಗ ಅಪ್ಪನಿಗೆ ಬೇಕಾದ ವಿಷಯ. ಆ ಹರಳಿನಲ್ಲಿ ಕಂಡಿದ್ದೇನು ಅಂದರೆ, ಇನ್ಸುಲಿನ್ ಅಣುಗಳು ಆರಾರು ಒಟ್ಟಿಗೆ ಸೇರಿ ಎರಡು ಜಿಂಕ್ ಪರಮಾಣು ಹಿಡಿದುಕೊಂಡು ಗುಂಪಾಗಿ ಕೂತಿರುತ್ತವೆ. ನಿಮ್ಮ ಬಾಟ್ಲಿಯಲ್ಲೂ ಜಾಸ್ತಿ ಪಾಲು ಹಾಗೇ. ಗುಂಪಾಗಿದ್ದರೆ ರಕ್ತಕ್ಕೆ ಬೇಗ ಸೇರುವುದಿಲ್ಲ, ಚರ್ಮದ ಕೆಳಗೆ ಮೊದಲು ಬಿಡಿಬಿಡಿ ಆಗಬೇಕು. ಚುಚ್ಚಿಕೊಂಡು ಅರ್ಧ ಗಂಟೆ ಮುದ್ದೆ ಮುಂದೆ ಮುಖ ಗಂಟು ಹಾಕಿಕೊಂಡು ಕೂರುತ್ತೀರಲ್ಲ, ಅಷ್ಟು ಹೊತ್ತು ಒಳಗೆ ನಡೆಯುತ್ತಿರುವುದು ಅದೇ. ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್‌ಗಳೂ ಬಂದಿವೆ, ಈ ಗುಂಪು ಸುಲಭವಾಗಿ ಒಡೆಯಲಿ ಅಂತಲೇ ಅಣುವನ್ನು ಒಂಚೂರು ಬದಲಾಯಿಸಿ ಮಾಡಿದ್ದು. ನಿಮಗೆ ಯಾವುದು ಅಂತ ನಿಮ್ಮ ಡಾಕ್ಟರೇ ಹೇಳಬೇಕು, ನನ್ನ ಪತ್ರ ನೋಡಿ ಬದಲಾಯಿಸಬೇಡಿ.

ಹೆನ್ರಿ ಮೂರ್ ಅನ್ನುವ ಶಿಲ್ಪಿ ಡೊರೊಥಿಯ ಮುಖ ಬಿಟ್ಟು ಕೈಗಳನ್ನು ಮಾತ್ರ ಬರೆದಿದ್ದಾರೆ. ಅದರ ಪ್ರಿಂಟ್ ಸಿಕ್ಕರೆ ಅಮ್ಮನಿಗೆ ಕಳಿಸುತ್ತೇನೆ. ಬೆರಳಿಗೆ ಬಿಸಿನೀರಿನ ಕಾವು ಕೊಟ್ಟರೆ ಸಾಲದು, ಒಂದು ಸಲ ಡಾಕ್ಟರಿಗೆ ತೋರಿಸು. ಅಲ್ಲಿಯವರೆಗೆ ಪುಟ್ಟಿ ರಂಗೋಲಿ ಹಾಕಲಿ, ನೀನು ಪಕ್ಕದಲ್ಲಿ ನಿಂತು ಬೈಯುತ್ತಿರು.

ಮೊನ್ನೆ ಹರಳು ಬೆಳೆಯಲಿ ಅಂತ ಹೊಸದಾಗಿ ಒಂದು ತಟ್ಟೆ ಇಟ್ಟಿದ್ದೇನೆ. 96 ಸಣ್ಣ ಗುಳಿ, ಒಂದೊಂದಕ್ಕೂ ಬೇರೆ ಬೇರೆ ಉಪ್ಪಿನ ನೀರು. ನಾಳೆ ಬೆಳಗ್ಗೆ ಹೋಗಿ ನೋಡಬೇಕು. ಅಪ್ಪ, ಮುಂದಿನ ಭಾನುವಾರ ಕೇಳಿ, ಸಿಡುಕುವುದಿಲ್ಲ.

ನಿಮ್ಮ ದೊಡ್ಡ ಮಗಳು

ಹುಳಿಪುಡಿ ಕಳಿಸುವಾಗ ಎರಡು ಕವರ್ ಹಾಕಿ ಕಟ್ಟು. ಹೋದ ಸಲ ನನ್ನ ಸ್ವೆಟರೆಲ್ಲ ಇಂಗಿನ ವಾಸನೆ.