ಪ್ರಶ್ನಾವಳಿ ಹಿಡಿದು ಹೊರಟ ಕಿರಿಯ ಮಿತ್ರರಿಗೆ

ಪ್ರಿಯ ಕಿರಿಯ ಮಿತ್ರರಿಗೆ,

ನಿಮ್ಮ ಪತ್ರ ತಲುಪಿ ಎರಡು ವಾರವಾಯಿತು. ಅದರ ಜೊತೆಗಿಟ್ಟಿದ್ದ ಪ್ರಶ್ನಾವಳಿಯನ್ನು ಮೂರು ಸಲ ಓದಿದೆ. ಈ ಕಾಲದಲ್ಲಿ ಕಲೆ ಎಂದರೇನು, ಮನುಷ್ಯರಾಗಿರುವುದು ಎಂದರೇನು ಎಂಬ ಪ್ರಶ್ನೆಗಳನ್ನು ಹಿಡಿದು ನೂರು ಜನರನ್ನು ಕಂಡು, ಅವರ ಉತ್ತರಗಳನ್ನು ಪುಸ್ತಕವಾಗಿಸಬೇಕೆಂಬ ನಿಮ್ಮ ಹಂಬಲ ನನಗೆ ನಿಜಕ್ಕೂ ಸಂತೋಷ ತಂದಿದೆ. ಬಾಯಲ್ಲಿ ಹೇಳಿದ್ದಕ್ಕೆ ಚಿತ್ರ ಬರೆದು, ಪದ್ಯ ಕಟ್ಟಿ, ರಾಗ ಹಾಕಿ ಕೊಡುವ ಯಂತ್ರಗಳು ಮನೆಮನೆಯ ಮೊಬೈಲಿಗೆ ಬಂದು ಕೂತಿರುವ ಹೊತ್ತಿನಲ್ಲಿ, ಈ ಪ್ರಶ್ನೆಯನ್ನು ವಿದ್ವಾಂಸರ ಪಾಲಿಗೆ ಬಿಡದೆ ಬೀದಿಗೆ ಒಯ್ಯಬೇಕು ಎಂದು ನಿಮಗನ್ನಿಸಿದ್ದು ಸರಿಯಾಗಿಯೇ ಇದೆ. ಆದರೆ ಆ ಪ್ರಶ್ನಾವಳಿಯನ್ನು ಈಗಿರುವಂತೆಯೇ ಹಿಡಿದು ಹೊರಡಬೇಡಿ ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

‘ನಿಮ್ಮ ಪ್ರಕಾರ ಕಲೆ ಎಂದರೇನು?’ ಎಂದು ನೇರವಾಗಿ ಕೇಳಿದ ಕ್ಷಣವೇ ಜನ ತಮ್ಮ ಮನೆಮಾತನ್ನು ಬಿಟ್ಟು ಸಭೆಯ ಮಾತಿಗೆ ಹೋಗಿಬಿಡುತ್ತಾರೆ. ಕಲೆ ದೇವರು ಕೊಟ್ಟ ವರ, ಕಲೆಗೆ ಜಾತಿಯಿಲ್ಲ, ಕಲೆಯನ್ನು ಉಳಿಸಿ ಬೆಳೆಸಬೇಕು ಎಂದು ಸನ್ಮಾನ ಸಮಾರಂಭಗಳಲ್ಲಿ ಕೇಳಿ ಕೇಳಿ ಕಿವಿಗೆ ರೂಢಿಯಾದ ಮಾತುಗಳೇ ಬಾಯಿಗೆ ಬರುತ್ತವೆ. ಅವರು ಸುಳ್ಳು ಹೇಳುತ್ತಿಲ್ಲ. ಮನೆಗೆ ಬಂದವರಿಗೆ ಒಳಗಿನ ಒಳ್ಳೆಯ ಲೋಟ ತೆಗೆದು ಕಾಫಿ ಕೊಡುವ ಹಾಗೆ, ದೊಡ್ಡ ಪ್ರಶ್ನೆ ತಂದವರಿಗೆ ದೊಡ್ಡ ಮಾತು ಕೊಡುವುದು ಅವರ ಸೌಜನ್ಯ. ಆ ಸೌಜನ್ಯವನ್ನು ಉತ್ತರವೆಂದು ಬರೆದುಕೊಂಡು ಬಂದರೆ ನೂರು ಜನರ ಬಾಯಿಂದ ಒಂದೇ ಭಾಷಣ ನಿಮ್ಮ ಪುಸ್ತಕಕ್ಕೆ ಬರುತ್ತದೆ.

ನಮ್ಮ ಭಾಷೆಯಲ್ಲಿ ಕಲೆ ಎಂಬ ಮಾತೇ ಸ್ವಲ್ಪ ತೊಡಕಿನದು ಎಂಬುದನ್ನೂ ಗಮನಿಸಿ. ಸಂಸ್ಕೃತದಿಂದ ಬಂದ ಕಲೆ ಒಂದು. ಅದಕ್ಕೆ ಸಂಬಂಧವಿಲ್ಲದ, ಅಂಗಿಗೆ ಗೇರುಹಣ್ಣಿನ ರಸ ಬಿದ್ದರೆ ಉಳಿಯುವ, ಗಾಯ ಮಾಗಿದ ಮೇಲೂ ಚರ್ಮದ ಮೇಲೆ ಉಳಿಯುವ ಅಚ್ಚಗನ್ನಡದ ಕಲೆ ಇನ್ನೊಂದು. ದಿನನಿತ್ಯದ ಮಾತಿನಲ್ಲಿ ಜನ ಹೆಚ್ಚು ಬಳಸುವುದು ಎರಡನೆಯದನ್ನೇ. ಕೈಯಲ್ಲಿ ಕೆಲಸ ಮಾಡುವವರು ತಮ್ಮದನ್ನು ಕಲೆ ಎನ್ನುವುದಕ್ಕಿಂತ ಕಸುಬು ಎನ್ನುತ್ತಾರೆ, ಕೆಲಸ ಎನ್ನುತ್ತಾರೆ, ‘ಅವನ ಕೈ ಪಳಗಿದೆ’ ಎನ್ನುತ್ತಾರೆ. ನೀವು ಅವರ ಮಾತನ್ನು ಹಿಡಿದು ಒಳಗೆ ಹೋಗಬೇಕೇ ಹೊರತು ನಿಮ್ಮ ಮಾತಿಗೆ ಅವರನ್ನು ಹೊರಗೆ ಕರೆಯಬಾರದು.

ಕೆಲವು ವರ್ಷಗಳ ಹಿಂದೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಒಬ್ಬರ ಮನೆಯಲ್ಲಿ ನಾನು ಒಂದಿಡೀ ಮಧ್ಯಾಹ್ನ ಕುಳಿತಿದ್ದೆ. ತಿಂಗಳುಗಟ್ಟಲೆ ಒಣಗಿದ ಆಲೆಮರದ ತುಂಡುಗಳು ಮೂಲೆಯಲ್ಲಿ ರಾಶಿಬಿದ್ದಿದ್ದವು. ಒಂದೊಂದನ್ನೇ ಲೇತ್ ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ಅವರು ಗಿಲಕಿಯ ಹಿಡಿ ಮಾಡುತ್ತಿದ್ದರು. ಬಣ್ಣ ಹಚ್ಚುವ ಹೊತ್ತಿಗೆ ಕುಂಚವೂ ಇಲ್ಲ, ಒಲೆಯೂ ಇಲ್ಲ. ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹತ್ತಿಕೊಳ್ಳುತ್ತದೆ, ಅದರ ಮೇಲೆ ಕೇದಗೆ ಜಾತಿಯ ಗಿಡದ ಒಣ ಎಲೆಯನ್ನು ಒತ್ತಿದರೆ ಹೊಳಪು ಬರುತ್ತದೆ. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ಪ್ರತಿ ಗಿಲಕಿಯನ್ನೂ ಇಳಿಸುವ ಮೊದಲು ಅವರು ಅಂಚಿನ ಸುತ್ತ ಹೆಬ್ಬೆರಳು ಆಡಿಸುತ್ತಿದ್ದರು. ಒಂದನ್ನು ಹಾಗೆ ಮುಟ್ಟಿ ನೋಡಿ ಪಕ್ಕದ ಬುಟ್ಟಿಗೆ ಹಾಕಿದರು. ಬಣ್ಣ ಚೆನ್ನಾಗಿತ್ತು, ಆಕಾರ ಚೆನ್ನಾಗಿತ್ತು, ನನ್ನ ಕಣ್ಣಿಗೆ ಯಾವ ಕುಂದೂ ಕಾಣಲಿಲ್ಲ. ಯಾಕೆ ಎಂದು ಕೇಳಿದೆ. ‘ಮಗು ಬಾಯಿಗಿಟ್ಕೊಳ್ತದೆ ಸಾರ್, ವಸಡು ಗೀರಿದ್ರೆ?’ ಎಂದರು. ಇಷ್ಟು ಹೇಳಿ ಮುಂದಿನ ತುಂಡನ್ನು ಕೈಗೆ ತೆಗೆದುಕೊಂಡರು.

ನಿಮ್ಮ ಪ್ರಶ್ನಾವಳಿಯಲ್ಲಿ ಕಲೆಯ ಬಗೆಗಿನ ಒಂದನೆಯ ಪ್ರಶ್ನೆಗೂ ಮನುಷ್ಯರಾಗಿರುವುದರ ಬಗೆಗಿನ ಹನ್ನೊಂದನೆಯ ಪ್ರಶ್ನೆಗೂ ಆ ಒಂದೇ ಮಾತಿನಲ್ಲಿ ಉತ್ತರವಿದೆ ಎಂದು ನಾನು ನಂಬುತ್ತೇನೆ. ಎಲ್ಲೋ ಯಾವುದೋ ಊರಿನಲ್ಲಿ, ತಾನು ಎಂದೂ ನೋಡದ ಒಂದು ಕೂಸಿನ ವಸಡು ಆ ಹೆಬ್ಬೆರಳಿಗೆ ಗೊತ್ತಿತ್ತು. ‘ಇದನ್ನು ಯಾಕೆ ಪಕ್ಕಕ್ಕಿಟ್ಟಿರಿ?’ ಎಂಬ ಸಣ್ಣ ಪ್ರಶ್ನೆಯಿಂದ ಅದು ಹೊರಬಂತು. ಎಸೆದದ್ದರ ಬಗ್ಗೆ, ಬಿಚ್ಚಿ ಮತ್ತೆ ಮಾಡಿದ್ದರ ಬಗ್ಗೆ, ದುಡ್ಡು ಕೊಡುತ್ತೇನೆಂದರೂ ಮಾಡಲಾರೆ ಎಂದದ್ದರ ಬಗ್ಗೆ ಕೇಳಿ. ಮಾಡಿದ್ದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಬಿಟ್ಟದ್ದರ ಬಗ್ಗೆ ಕೇಳಿದರೆ ಮಾತ್ರ ಅವರ ಮನಸ್ಸಿನ ತಕ್ಕಡಿ ಕಾಣುತ್ತದೆ.

ಅದೇ ಮನೆಯಲ್ಲಿ ‘ಆಧುನಿಕ ಕಾಲ’ದ ಬಗ್ಗೆಯೂ ನಾನು ಕಲಿತೆ. ಯಂತ್ರದಲ್ಲಿ ಅಚ್ಚಾಗಿ ಬರುವ ಪ್ಲಾಸ್ಟಿಕ್ ಆಟಿಕೆಗಳ ಬಗ್ಗೆ ಅವರು ದೂರುತ್ತಾರೆ ಎಂದುಕೊಂಡಿದ್ದೆ. ಅವರು ಮಾತೆತ್ತಿದ್ದು ರಸ್ತೆಯ ಬಗ್ಗೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತಲ್ಲ, ಆಗಿನಿಂದ ವಾಹನಗಳು ಊರನ್ನು ಮುಟ್ಟದೆ ಹೊರಗಿನಿಂದಲೇ ಹಾದುಹೋಗುತ್ತವೆ. ಹಳೆಯ ರಸ್ತೆಯ ಅಂಚಿನ ಅಂಗಡಿಗಳಲ್ಲಿ ಕಾರು ನಿಲ್ಲಿಸಿ, ಮಕ್ಕಳಿಗೆ ಬುಗುರಿಯನ್ನೋ ಮರದ ಕುದುರೆಯನ್ನೋ ಕೊಳ್ಳುತ್ತಿದ್ದವರು ಈಗ ಇಳಿಯುವುದಿಲ್ಲ. ಕಾಲ ಬದಲಾಯಿತು ಎಂಬುದು ಒಬ್ಬರಿಗೆ ಯಂತ್ರವಾಗಿ ಬಂದರೆ ಇನ್ನೊಬ್ಬರಿಗೆ ರಸ್ತೆಯಾಗಿ ಬರುತ್ತದೆ, ಮತ್ತೊಬ್ಬರಿಗೆ ಮೊಮ್ಮಗಳು ಓದಲು ಹೋದ ಊರಾಗಿ ಬರುತ್ತದೆ. ಆದ್ದರಿಂದ ‘ಕೃತಕ ಬುದ್ಧಿಮತ್ತೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂಬ ನಿಮ್ಮ ಏಳನೆಯ ಪ್ರಶ್ನೆಯನ್ನು ದಯವಿಟ್ಟು ಎಲ್ಲರ ಮುಂದೂ ಇಡಬೇಡಿ.

ಆ ಪ್ರಶ್ನೆಗೆ ನಿಜವಾಗಿ ಉತ್ತರ ಬಲ್ಲವರು ನಿಮ್ಮ ಪಟ್ಟಿಯಲ್ಲೇ ಇಲ್ಲ. ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಹಿಂದೆ ಅಂಗಡಿ ಬೋರ್ಡು ಬರೆಯುತ್ತಿದ್ದವರನ್ನು ಹುಡುಕಿ. ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇದ್ದರು. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತಮ್ಮ ಹೆಸರು ಬರೆದು ಮುಂದೆ ‘ಆರ್ಟ್ಸ್’ ಎಂದು ಸೇರಿಸುತ್ತಿದ್ದರು. ನಮ್ಮ ಪೇಟೆಗಳಲ್ಲಿ ಕಲೆಯೆಂಬುದು ತನ್ನ ಹೆಸರನ್ನು ತಾನೇ ಹೇಳಿಕೊಂಡಿದ್ದು ಬಹುಶಃ ಆ ಮೂಲೆಯಲ್ಲೇ. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು, ಕೈಬರಹದ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಯಂತ್ರ ತಮ್ಮ ಕೈಯ ಕೆಲಸವನ್ನು ಎತ್ತಿಕೊಂಡು ಹೋಗುವುದು ಹೇಗಿರುತ್ತದೆ ಎಂಬುದನ್ನು, ನಾವು ನೀವು ಈಗ ದಿಗಿಲಿನಿಂದ ಚರ್ಚಿಸುವುದಕ್ಕೆ ಎಷ್ಟೋ ವರ್ಷ ಮೊದಲು, ಅವರು ಅನುಭವಿಸಿ ಮುಗಿಸಿದ್ದಾರೆ.

ಅಂಥ ಒಬ್ಬರನ್ನು ನಾನು ಬಲ್ಲೆ. ಈಗ ಅವರು ಶಾಲೆಯ ಗೋಡೆಯ ಮೇಲೆ ಭೂಪಟ, ಚುನಾವಣೆ ಬಂದರೆ ಮತದಾನದ ಜಾಗೃತಿಯ ಗೋಡೆಬರಹ ಬರೆಯುತ್ತಾರೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಿನ ಫ್ಲೆಕ್ಸನ್ನು ತೋರಿಸಿ, ‘ಲಕ್ಷ್ಮೀ ಎಂದು ಬರೆದಿದ್ದಾರಲ್ಲ, ನೋಡಿ’ ಎಂದರು. ನೋಡಿದೆ, ಅಕ್ಷರ ತಪ್ಪಿರಲಿಲ್ಲ. ಆಗ ಅವರು ವಿವರಿಸಿದರು. ಆ ಹೆಸರಿನ ಕಕಾರಕ್ಕೆ ಕೆಳಗೆ ಷಕಾರದ ಒತ್ತು, ಅದಕ್ಕೆ ಅಂಟಿಕೊಂಡು ಮಕಾರದ ಒತ್ತು ಬರಬೇಕು. ಆದ್ದರಿಂದ ಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆಯುವಾಗಲೇ, ಲಕ್ಷ್ಮಿ ಇರುವ ಬೋರ್ಡಾದರೆ, ಅವರು ಸಾಲನ್ನು ಒಂದಂಗುಲ ಮೇಲಕ್ಕೆ ಇಟ್ಟುಕೊಳ್ಳುತ್ತಿದ್ದರಂತೆ. ‘ಇಲ್ಲಿ ಕೆಳಗೆ ಜಾಗ ಇಲ್ಲ ಅಂತ ಇಡೀ ಸಾಲನ್ನೇ ಕುಗ್ಗಿಸಿದಾರೆ. ನಾನು ಅವಳಿಗೆ ಜಾಗ ಬಿಟ್ಟು ಬರೀತಿದ್ದೆ’ ಎಂದರು. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಿಗಿಯಾದಾಗ ತಮ್ಮಂಥವರಿಗೆ ಮತ್ತೆ ಕೆಲಸ ಬರಬಹುದೆಂದು ಅವರು ಕೆಲವು ದಿನ ಕಾದಿದ್ದರು. ಅವರ ಬೀದಿಯ ಬೋರ್ಡುಗಳು ಕನ್ನಡವಾದವು, ಬರೆದದ್ದು ಮಾತ್ರ ಪ್ರಿಂಟರ್. ಈ ಸಂಗತಿ ಹೇಳುವಾಗ ಅವರ ದನಿಯಲ್ಲಿ ಕಹಿಯಿರಲಿಲ್ಲ, ಆಯಾಸವಿತ್ತು. ಅಂಥ ದನಿಯನ್ನು ಕಹಿಯೆಂದು ಬರೆಯದಿರುವುದು ನಿಮ್ಮ ಕಸುಬಿನ ನಿಷ್ಠೆ.

ಇನ್ನು ಮನುಷ್ಯತನದ ಪ್ರಶ್ನೆ. ಕನ್ನಡದಲ್ಲಿ ಆ ಮಾತನ್ನು ಜನ ಯಾವಾಗ ಆಡುತ್ತಾರೆ ಎಂದು ಒಂದು ವಾರ ಕಿವಿಗೊಟ್ಟು ನೋಡಿ. ಆಸ್ಪತ್ರೆಯ ಗೇಟಿನ ಹತ್ತಿರ, ನೂಕುನುಗ್ಗಲಿನ ಬಸ್ಸಿನ ಬಾಗಿಲಲ್ಲಿ, ಬಾಕಿ ಕೇಳಲು ಬಂದವರ ಎದುರು ‘ನಿಮಗೆ ಮನುಷ್ಯತ್ವ ಇಲ್ವಾ?’ ಎಂಬ ದನಿ ಏಳುತ್ತದೆ. ಇರುವಾಗ ಯಾರೂ ಅದರ ಹೆಸರೆತ್ತುವುದಿಲ್ಲ, ಇಲ್ಲದಾಗ ಮಾತ್ರ ಕೂಗಿ ಕರೆಯುತ್ತಾರೆ. ಹಾಗಾಗಿ ಮನುಷ್ಯರಾಗಿರುವುದು ಎಂದರೇನು ಎಂದು ಕೇಳುವ ಬದಲು, ಆ ಮಾತನ್ನು ನೀವು ಕೊನೆಯ ಸಲ ಯಾರಿಗೆ ಹೇಳಿದಿರಿ, ಯಾರಾದರೂ ನಿಮಗೆ ಹೇಳಿದ್ದುಂಟೇ ಎಂದು ಕೇಳಿ. ಎರಡನೆಯದನ್ನು ಕೇಳುವುದಕ್ಕೆ ಮುಂಚೆ ನಿಮಗೆ ಅಂಥ ಅನುಭವ ಆಗಿದ್ದರೆ ಅದನ್ನು ಮೊದಲು ಹೇಳಿಕೊಳ್ಳುವುದು ನ್ಯಾಯ.

ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಉಳಿಯದ ಬದುಕುಗಳೂ ಇವೆ. ಮಂಜಮ್ಮ ಜೋಗತಿಯವರನ್ನು ನೆನೆಯಿರಿ. ಮನೆಯವರೂ ಊರವರೂ ದೂರವಿಟ್ಟ ಬದುಕಿನಲ್ಲಿ ಯಲ್ಲಮ್ಮ ದೇವಿಯ ಹೆಸರಿನಲ್ಲಿ ಕುಣಿಯುವ ಜೋಗತಿ ನೃತ್ಯವೇ ಅವರಿಗೆ ಅನ್ನವೂ ಆಯಿತು, ನಾಲ್ಕು ಜನರ ನಡುವೆ ನಿಲ್ಲುವ ಜಾಗವೂ ಆಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ದೆಹಲಿಗೆ ಹೋದಾಗ, ಪ್ರಶಸ್ತಿ ಕೊಡುವ ರಾಷ್ಟ್ರಪತಿಗಳ ಎದುರು ನಿಂತು ತಮ್ಮ ಸೀರೆಯ ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ಅದನ್ನು ದೇಶವೇ ಟಿವಿಯಲ್ಲಿ ನೋಡಿತು. ಕೊಡುವವರು ಯಾರು, ಪಡೆಯುವವರು ಯಾರು ಎಂಬುದೇ ಆ ಒಂದು ಕ್ಷಣದಲ್ಲಿ ಅದಲುಬದಲಾಗಿತ್ತು. ನನಗೆ ಆ ದಿನ ಕಣ್ಣು ತುಂಬಿ ಬಂದದ್ದನ್ನು ನಿಮ್ಮಿಂದ ಮುಚ್ಚಿಡಬೇಕಾಗಿಲ್ಲ. ಆ ಸೆರಗಿನ ಚಲನೆಯನ್ನು ಸಂಪ್ರದಾಯ ಎನ್ನಬೇಕೋ, ಅಭಿನಯ ಎನ್ನಬೇಕೋ, ತಾಯ್ತನ ಎನ್ನಬೇಕೋ ಎಂದು ವಿಂಗಡಿಸುವ ಕೆಲಸಕ್ಕೆ ನೀವು ಇಳಿಯಬೇಡಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ, ಸಾಕು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ನಿಮ್ಮ ವಯಸ್ಸಿನಲ್ಲಿದ್ದಾಗ ಬೀಸುವ ಪದ ಹಾಡುತ್ತಿದ್ದ ಒಬ್ಬ ಅಜ್ಜಿಯ ಬಗ್ಗೆ ಲೇಖನ ಬರೆದೆ. ಯಾಕೆ ಹಾಡುತ್ತೀರಿ ಎಂದು ಕೇಳಿದ್ದಕ್ಕೆ ಆಕೆ, ‘ಹಾಡದಿದ್ರೆ ಕಲ್ಲು ಭಾರ ಆಯ್ತದೆ ಕಣಪ್ಪ’ ಎಂದಿದ್ದರು. ನನಗೆ ಅದು ಸಾಲದೆನಿಸಿತು. ಹಾಡು ಶ್ರಮದ ಭಾರವನ್ನು ಸೌಂದರ್ಯವಾಗಿ ಪರಿವರ್ತಿಸುತ್ತದೆ ಎಂಬರ್ಥದ ಒಂದು ವಾಕ್ಯ ಕಟ್ಟಿ ಆಕೆಯ ಬಾಯಿಗೆ ಹಾಕಿದೆ. ಪತ್ರಿಕೆ ಹಿಡಿದು ಹೋದಾಗ ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿದ. ಅಜ್ಜಿ ಪೂರ್ತಿ ಕೇಳಿ, ‘ಚೆನ್ನಾಗೈತೆ. ಇದು ಯಾರ ಮಾತು?’ ಎಂದು ಕೇಳಿದರು. ಅವರಿಗೆ ಬೇಸರವೇನೂ ಆಗಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದರು. ಬಾಯಿಬಿಟ್ಟು ಉತ್ತರ ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ಸಲ ಹೋಗುವ ಹೊತ್ತಿಗೆ ಅವರು ಇರಲಿಲ್ಲ. ಕಲ್ಲು ಭಾರ ಆಗುತ್ತದೆ ಎಂಬ ಆ ನಾಲ್ಕು ಮಾತು ಎಲ್ಲೂ ಅಚ್ಚಾಗಲಿಲ್ಲ. ಈಗ ಇಲ್ಲಿ ಬರೆಯುತ್ತಿರುವುದೇ ಮೊದಲು.

ಇಂದು ಒಂದು ಗುಂಡಿ ಒತ್ತಿದರೆ ಯಾರ ಮಾತನ್ನಾದರೂ ನಯಗೊಳಿಸಿ ಕೊಡುವ ಸಾಧನಗಳು ನಿಮ್ಮ ಕೈಯಲ್ಲಿವೆ. ಹತ್ತು ಗಂಟೆಯ ಧ್ವನಿಮುದ್ರಣವನ್ನು ಹತ್ತು ಸಾಲಿಗೆ ಇಳಿಸಿಯೂ ಕೊಡುತ್ತವೆ. ಪಟ್ಟಿ ಮಾಡಿಕೊಳ್ಳಲು, ಊರು ಹುಡುಕಲು ಅವನ್ನು ಬಳಸಿ, ಬೇಡವೆನ್ನುವುದಿಲ್ಲ. ಆದರೆ ಅಜ್ಜಿಗೆ ನಾನು ಮಾಡಿದ್ದನ್ನು ಅವು ಯಾವ ಸಂಕೋಚವೂ ಇಲ್ಲದೆ ಎಲ್ಲರಿಗೂ ಮಾಡುತ್ತವೆ. ತಡವರಿಸಿದ್ದು, ಅರ್ಧಕ್ಕೆ ನಿಂತದ್ದು, ‘ಅದು ಬಿಡಿ’ ಎಂದು ಕೈಯಾಡಿಸಿದ್ದು ಎಲ್ಲವೂ ಆ ಸಾರಾಂಶದಲ್ಲಿ ಸೋರಿಹೋಗುತ್ತವೆ. ಧ್ವನಿಮುದ್ರಣವನ್ನು ನೀವೇ ಕೇಳಿ, ನಿಮ್ಮ ಕೈಯಾರೆ ಬರೆದುಕೊಳ್ಳಿ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರೆದುರು ಕುಳಿತು ಓದಿ ಹೇಳಿ. ಇದು ನನ್ನ ಮಾತಲ್ಲ ಎಂದು ಅವರು ಹೇಳಿದರೆ, ಎಷ್ಟೇ ಚೆಂದವಿದ್ದರೂ ಆ ವಾಕ್ಯವನ್ನು ತೆಗೆದುಹಾಕಿ.

ನೂರು ಜನ ಬೇಡ, ಮೊದಲು ಹನ್ನೆರಡು ಜನ ಸಾಕು. ಒಬ್ಬೊಬ್ಬರ ಬಳಿಗೂ ಮೂರು ಸಲ ಹೋಗಿ. ಮೊದಲ ಸಲ ಮೊಬೈಲನ್ನು ಚೀಲದಲ್ಲೇ ಇಟ್ಟುಕೊಳ್ಳಿ. ಚನ್ನಪಟ್ಟಣಕ್ಕೆ ಹೋಗುವುದಾದರೆ ರೈಲಿನಲ್ಲಿ ಹೋಗಿ ಇಳಿಯಿರಿ, ಇಲ್ಲವೇ ಹಳೆಯ ರಸ್ತೆ ಹಿಡಿಯಿರಿ. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಬೇಕೆಂದು ಬರೆದಿದ್ದೀರಿ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ, ಅದಕ್ಕೆ ಮುಂಚೆಯೇ ಹೋಗಿ. ವೇಷ ಕಟ್ಟಿಕೊಳ್ಳುವ ಜಾಗವಾದ ಚೌಕಿಯ ಒಂದು ಮೂಲೆಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಚುಟ್ಟಿಯೆಂಬ ಉಬ್ಬು ಚುಕ್ಕಿಗಳನ್ನು ಇಡುತ್ತಾ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂತಿರುತ್ತಾರೆ. ಆಗ ಅವರನ್ನು ಮಾತನಾಡಿಸಬೇಡಿ, ತುಟಿ ಅಲುಗಿದರೆ ಚುಟ್ಟಿ ಬಿರಿಯುತ್ತದೆ. ಆಟ ಮುಗಿದು, ಕಿರೀಟ ಇಳಿಸಿ, ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುವ ತನಕ ಕಾಯಿರಿ. ಆ ಹೊತ್ತಿಗೆ ಏನು ಕೇಳಬೇಕೆಂಬುದು ನಿಮಗೇ ಹೊಳೆದಿರುತ್ತದೆ.

ಮೊದಲ ಇಬ್ಬರ ಬಗ್ಗೆ ಬರೆದಾದ ಮೇಲೆ ಹಸ್ತಪ್ರತಿ ಕಳಿಸಿ. ಅವರಿಗೆ ಓದಿ ಹೇಳಿದಾಗ ಅವರು ಏನೆಂದರು ಎಂಬುದನ್ನೂ ಅಂಚಿನಲ್ಲಿ ಬರೆದಿರಲಿ.

ಇಂತಿ,
ನಿಮ್ಮ ಹಿರಿಯ ಮಿತ್ರ